ಆಕಾಶದಿಂದ ಬಿದ್ದದ್ದಕ್ಕೆ ಸಾಕ್ಷಿ ಯಾರು?

ಯಸಳೂರಿನಿಂದ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ. ಸಕಲೇಶಪುರದ ಕಡೆಯಿಂದ ಶಿರಾಡಿ ಇಳಿದರೆ ಗುಂಡ್ಯ, ನೆಲ್ಯಾಡಿ. ಅಲ್ಲಿಂದ ಧರ್ಮಸ್ಥಳಕ್ಕೆ ಹೊರಟವರು ಕೊಕ್ಕಡದ ಆಸುಪಾಸಿನಲ್ಲೇ ಹಾದುಹೋಗುತ್ತಾರೆ. ಸೌತಡ್ಕದ ಬಯಲು ಗಣಪತಿಗೆ ಗಂಟೆ ಕಟ್ಟುವ ಹರಕೆ ಹೊತ್ತವರಿಗಂತೂ ಕೊಕ್ಕಡ ಚೆನ್ನಾಗಿ ಗೊತ್ತು. ಆದರೆ ರಸ್ತೆ ಬಿಟ್ಟು ಒಂದಿಷ್ಟು ಒಳಕ್ಕೆ, ಪಟ್ರಮೆ, ನಿಡ್ಲೆಯ ಕಡೆಗೆ ಹೋದರೆ, ಮೂವತ್ತು ದಾಟಿದ ಮಕ್ಕಳನ್ನು ಈಗಲೂ ಎತ್ತಿ ಸ್ನಾನ ಮಾಡಿಸುವ, ಕೈತುತ್ತು ಕೊಡುವ ತಾಯಂದಿರಿದ್ದಾರೆ. ಮಗನ ಮೈ ಬೆಳೆದಿದೆ, ಅಮ್ಮನ ಸೊಂಟ ಬಿದ್ದುಹೋಗಿದೆ. ತಾನು ಕಣ್ಣು ಮುಚ್ಚಿದ ಮೇಲೆ ಇವನನ್ನು ನೋಡುವವರು ಯಾರು ಎಂಬುದು ಆ ಮನೆಗಳಲ್ಲಿ ದಿನದಿನದ ಮಾತು.

ಅಲ್ಲಿನ ಗುಡ್ಡಗಳ ಮೇಲೆ ಸರ್ಕಾರದ್ದೇ ಆದ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿವೆ. ಗೇರು ಚಿಗುರಿ ಹೂ ಬಿಡುವಾಗ ಟೀ ಸೊಳ್ಳೆ ಎಂಬ ಕೀಟ ರಸ ಹೀರಿ ಹೂಗೊಂಚಲನ್ನು ಕರಟಿಸಿಬಿಡುತ್ತದೆ. ಅದನ್ನು ಕೊಲ್ಲಲು 1980, 90ರ ದಶಕಗಳಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಹಳ್ಳಿಯ ಮಕ್ಕಳಿಗೆ ಹೆಲಿಕಾಪ್ಟರ್ ನೋಡುವುದೇ ಹಬ್ಬ. ಶಬ್ದ ಕೇಳಿದೊಡನೆ ಅಂಗಳಕ್ಕೆ ಓಡಿಬಂದು ತಲೆಯೆತ್ತಿ ನಿಲ್ಲುತ್ತಿದ್ದರು.

ಇವರ ಬಗ್ಗೆ ಬರೆಯಲು ಕೂತಾಗ ನನಗೆ ಜೊತೆಜೊತೆಗೇ ನೆನಪಾಗುವವರು ಬಹಳ ದೂರದವರು. 1957 ಮತ್ತು 58ರಲ್ಲಿ ಬ್ರಿಟನ್ ಪೆಸಿಫಿಕ್ ಸಾಗರದ ಕ್ರಿಸ್‌ಮಸ್ ದ್ವೀಪದ ಸುತ್ತಮುತ್ತ ಹೈಡ್ರೋಜನ್ ಬಾಂಬುಗಳನ್ನು ಸಿಡಿಸಿ ನೋಡಿತು. ಅಲ್ಲಿಗೆ ಹೋದ ಸೈನಿಕರಲ್ಲಿ ಅನೇಕರು ಕಡ್ಡಾಯ ಸೇನಾ ಸೇವೆಗೆ ಸೇರಿದ್ದ ಹದಿನೆಂಟು, ಇಪ್ಪತ್ತರ ಹುಡುಗರು. ಸಮುದ್ರ ದಂಡೆಯ ಮೇಲೆ ಬಾಂಬಿಗೆ ಬೆನ್ನು ಹಾಕಿ ಕೂತು, ಕಣ್ಣು ಮುಚ್ಚಿ ಅದರ ಮೇಲೆ ಅಂಗೈ ಒತ್ತಿಕೊಳ್ಳಿ ಎಂದು ಅವರಿಗೆ ಅಪ್ಪಣೆಯಾಗಿತ್ತು. ಮುಚ್ಚಿದ ಕಣ್ಣಿಗೂ ಸ್ವಂತ ಕೈಯ ಮೂಳೆಗಳು ಕಂಡವು ಎಂದು ಆಮೇಲೆ ಎಷ್ಟೋ ಮಂದಿ ಹೇಳಿದರು. 1952ರ ಅಕ್ಟೋಬರ್ 3ರಂದು ಆಸ್ಟ್ರೇಲಿಯಾದ ಮಾಂಟೆಬೆಲ್ಲೋ ದ್ವೀಪಗಳಲ್ಲಿ ಮೊದಲ ಬಾಂಬು ಸಿಡಿಸಿದಂದಿನಿಂದ ಬ್ರಿಟನ್ನಿನ ಪರೀಕ್ಷೆಗಳಲ್ಲಿ ಸುಮಾರು 22,000 ಬ್ರಿಟಿಷ್ ಸೈನಿಕರು ದುಡಿದಿದ್ದಾರೆ. ಜೊತೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿಯವರಿದ್ದರು. ಊರಿಗೆ ಮರಳಿದ ಮೇಲೆ ರಕ್ತದ ಕ್ಯಾನ್ಸರ್ ಬಂತು, ಹೆಂಡತಿಗೆ ಗರ್ಭ ನಿಲ್ಲಲಿಲ್ಲ, ಹುಟ್ಟಿದ ಮಕ್ಕಳಲ್ಲಿ ಊನ ಕಂಡಿತು ಎಂದು ಅವರಲ್ಲಿ ಅನೇಕರು ಹೇಳುತ್ತ ಬಂದಿದ್ದಾರೆ.

ಕೊಕ್ಕಡದ ತಾಯಿಗೂ ಕ್ರಿಸ್‌ಮಸ್ ದ್ವೀಪದ ಮುದುಕ ಸೈನಿಕನಿಗೂ ಕಚೇರಿಗಳು ಕೇಳಿದ ಪ್ರಶ್ನೆ ಒಂದೇ: ನಿಮ್ಮ ಕಾಯಿಲೆ ಅದರಿಂದಲೇ ಬಂತು ಅನ್ನುವುದಕ್ಕೆ ಪುರಾವೆ ಎಲ್ಲಿ?

ಕೇಳಲು ಸರಿಯಾಗಿಯೇ ಇರುವ ಪ್ರಶ್ನೆ. ಆದರೆ ಇದಕ್ಕೆ ಒಬ್ಬ ಮನುಷ್ಯ ಉತ್ತರ ಕೊಡಲಾಗದು ಎಂಬುದು ವಿಜ್ಞಾನ ಬಲ್ಲ ಎಲ್ಲರಿಗೂ ಗೊತ್ತು. ವಿಕಿರಣದಿಂದ ಬಂದ ರಕ್ತದ ಕ್ಯಾನ್ಸರಿಗೂ ಬೇರೆ ಕಾರಣಕ್ಕೆ ಬಂದದ್ದಕ್ಕೂ ಸೂಕ್ಷ್ಮದರ್ಶಕದಡಿ ಗುರುತಿನ ವ್ಯತ್ಯಾಸ ಇಲ್ಲ. ಬುದ್ಧಿ ಬೆಳೆಯದ ಮಗುವಿನ ಮೈಮೇಲೆ ಎಂಡೋಸಲ್ಫಾನ್ ಎಂದು ಮುದ್ರೆ ಒತ್ತಿರುವುದಿಲ್ಲ. ಹೇಳಬಹುದಾದದ್ದು ಇಷ್ಟೇ: ಇಂಥ ಜಾಗದಲ್ಲಿ ಇಂಥ ಕಾಲದಲ್ಲಿ ಇದ್ದವರಲ್ಲಿ ಈ ಕಾಯಿಲೆ ಬೇರೆಡೆಗಿಂತ ಹೆಚ್ಚು ಕಂಡಿದೆ. ಅದು ಊರಿನ ಲೆಕ್ಕ. ಆ ಲೆಕ್ಕದಲ್ಲಿ ನಿನ್ನ ಮಗ ಯಾವ ಕಡೆಯವನು ಎಂದು ಯಾವ ಡಾಕ್ಟರೂ ಬರೆದುಕೊಡಲಾರ. ಇನ್ನು ಮೈಮೇಲೆ ಎಷ್ಟು ಬಿತ್ತು, ನೀರಿನಲ್ಲಿ ಎಷ್ಟಿತ್ತು ಎಂಬ ಅಳತೆ? ಅದನ್ನು ಇಡಬೇಕಿದ್ದವರು ಬಾಂಬು ಸಿಡಿಸಿದವರು, ವಿಷ ಸುರಿದವರು. ವಿಕಿರಣ ದಾಖಲಿಸುವ ಫಿಲ್ಮ್ ಬ್ಯಾಡ್ಜ್ ಬ್ರಿಟಿಷ್ ಸೈನಿಕರಲ್ಲಿ ಬಹುಪಾಲು ಮಂದಿಯ ಎದೆ ಮೇಲೆ ಇರಲೇ ಇಲ್ಲ. ಅಳೆಯಬೇಕಿದ್ದವರು ಅಳೆಯದೆ ಬಿಟ್ಟು, ಬಲಿಯಾದವರನ್ನು ಅಳತೆ ತೋರಿಸಿ ಅನ್ನುವುದು ಅನ್ಯಾಯ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು, ಅವರ ಕುಟುಂಬದವರು ರಕ್ಷಣಾ ಇಲಾಖೆಯ ಮೇಲೆ ಪರಿಹಾರದ ದಾವೆ ಹೂಡಿದ್ದರು. 2012ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅವರ ವಿರುದ್ಧ, ಮೂವರು ಪರ. ದಾವೆಗೆ ಅವಧಿ ಮೀರಿದೆ ಎಂಬುದು ಕಾರಣ. ಬಾಂಬು ಸಿಡಿದು ಅರ್ಧ ಶತಮಾನವಾದ ಮೇಲೆ ಯಾಕೆ ಬಂದಿರಿ ಅಂದರೆ ಏನು ಹೇಳುವುದು? ಕಾಯಿಲೆ ತಡವಾಗಿ ಬರುತ್ತದೆ, ಕಡತ ಬೀಗದೊಳಗಿರುತ್ತದೆ. ಅಮೆರಿಕದ ಸೈನಿಕರಂತೂ ಕಂಡದ್ದನ್ನು ಹೆಂಡತಿಗೂ ಡಾಕ್ಟರಿಗೂ ಹೇಳುವ ಹಾಗಿರಲಿಲ್ಲ. ಆ ಗೋಪ್ಯತೆಯ ಕಟ್ಟು ಕಾನೂನಿನಿಂದ ಬಿಚ್ಚಿದ್ದು 1996ರಲ್ಲಿ.

ಫಿಜಿಯ ಕಥೆ ಬೇರೆ. ಆ ಪುಟ್ಟ ದೇಶ ಬ್ರಿಟನ್ನನ್ನು ಕಾಯುತ್ತ ಕೂರಲಿಲ್ಲ. ಕ್ರಿಸ್‌ಮಸ್ ದ್ವೀಪಕ್ಕೆ ಹೋಗಿದ್ದವರಲ್ಲಿ 2015ರ ಹೊತ್ತಿಗೆ ಬದುಕಿದ್ದವರು 24 ಮಂದಿ. ಅವರು ಸಾಯುವವರೆಗೂ ಇನ್ನೊಬ್ಬರ ಒಳ್ಳೆಯತನಕ್ಕಾಗಿ ಕಾಯಲಾಗದು ಎಂದು ಫಿಜಿ ಸರ್ಕಾರವೇ ಬೊಕ್ಕಸದಿಂದ ತಲಾ 9,855 ಫಿಜಿ ಡಾಲರ್ ಕೊಟ್ಟಿತು. ಹಣ ದೊಡ್ಡದೇನಲ್ಲ. ತಪ್ಪು ತನ್ನದಲ್ಲದಿದ್ದರೂ ತನ್ನ ಜನರ ಋಣ ತೀರಿಸಿದ ಆ ಸರ್ಕಾರದ ಮೇಲೆ ನನಗೆ ದೊಡ್ಡ ಗೌರವವಿದೆ. ಬ್ರಿಟನ್ ತನ್ನ ಸೈನಿಕರಿಗೆ ಪದಕ ಕೊಡುತ್ತೇನೆಂದು ಹೇಳಿದ್ದು 2022ರ ನವೆಂಬರಿನಲ್ಲಿ, ಮೊದಲ ಪರೀಕ್ಷೆಯಾಗಿ ಎಪ್ಪತ್ತು ವರ್ಷಕ್ಕೆ. ಆ ಪದಕವನ್ನು ಕೈಯಲ್ಲಿ ಹಿಡಿದು ಅತ್ತವರಿದ್ದಾರೆ. ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ, ಆಗ ನಮ್ಮ ರಕ್ತ, ಮೂತ್ರ ಪರೀಕ್ಷೆ ಮಾಡಿದ ಕಾಗದ ಕೊಡಿ ಎಂದು ಇನ್ನೂ ಕೇಳುತ್ತಲೇ ಇರುವವರೂ ಅವರೇ.

ಹಾಗಾದರೆ ಪುರಾವೆ ಕೇಳದೆ ನ್ಯಾಯ ಕೊಡುವುದು ಸಾಧ್ಯವೇ? ಸಾಧ್ಯ. ಕೊಟ್ಟ ಉದಾಹರಣೆಯೇ ಇದೆ. ಅಮೆರಿಕ 1990ರಲ್ಲಿ ವಿಕಿರಣಕ್ಕೆ ತುತ್ತಾದವರ ಪರಿಹಾರ ಕಾನೂನು ಮಾಡಿತು. ನೆವಾಡ ಮರುಭೂಮಿಯಲ್ಲಿ ಬಾಂಬು ಸಿಡಿಸುವಾಗ ಗಾಳಿ ಬೀಸುವ ದಿಕ್ಕಿನಲ್ಲಿದ್ದ ಊರುಗಳ ಜನರನ್ನು ಅದು ಕೇಳಿದ್ದು ಎರಡೇ ವಿಷಯ. ಯೂಟಾ, ನೆವಾಡ, ಆರಿಜೋನಾದ ಇಂತಿಂಥ ಕೌಂಟಿಗಳಲ್ಲಿ 1951ರಿಂದ 1958ರ ನಡುವೆ ಎರಡು ವರ್ಷ ವಾಸವಿದ್ದಿರಾ? ಕಾನೂನು ಪಟ್ಟಿ ಮಾಡಿರುವ ಕ್ಯಾನ್ಸರುಗಳಲ್ಲಿ ಒಂದು ನಿಮಗೆ ಬಂದಿದೆಯಾ? ಎರಡಕ್ಕೂ ಹೌದು ಅಂದರೆ 50,000 ಡಾಲರ್. ಈ ಕ್ಯಾನ್ಸರು ಬಾಂಬಿನ ಬೂದಿಯಿಂದಲೇ ಬಂತೇ ಎಂದು ಯಾರೂ ಕೇಳುವಂತಿಲ್ಲ, ಸಂಬಂಧ ಇದೆ ಎಂದೇ ಹಿಡಿಯಬೇಕು. ಆ ಕಾನೂನಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳುವ ಮಾತೂ ಇದೆ.

ಅದೂ ಪರಿಪೂರ್ಣವಲ್ಲ. 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಬಾಂಬು ಸಿಡಿದದ್ದು ನ್ಯೂ ಮೆಕ್ಸಿಕೋದಲ್ಲಿ, ಆದರೆ ಆ ಸುತ್ತಿನ ಹಳ್ಳಿಗರು 35 ವರ್ಷ ಕಾನೂನಿನ ಹೊರಗೇ ಉಳಿದರು. 2024ರಲ್ಲಿ ಕಾನೂನಿನ ಅವಧಿಯೇ ಮುಗಿಯಿತು. 2025ರ ಜುಲೈನಲ್ಲಿ ಮರುಜೀವ ಕೊಟ್ಟು, ನ್ಯೂ ಮೆಕ್ಸಿಕೋದವರನ್ನೂ ಸೇರಿಸಿ, ಮೊತ್ತವನ್ನು ಒಂದು ಲಕ್ಷ ಡಾಲರಿಗೆ ಏರಿಸಿದರು. ಫ್ರಾನ್ಸಿನದು ಇನ್ನೊಂದು ಪಾಠ. ಪಾಲಿನೇಷ್ಯಾದ ದ್ವೀಪಗಳಲ್ಲಿ 193 ಪರೀಕ್ಷೆ ಮಾಡಿದ್ದ ಆ ದೇಶ 2010ರಲ್ಲಿ ಪರಿಹಾರ ಕಾನೂನು ತಂದಾಗ ಎಲ್ಲರೂ ಹಿಗ್ಗಿದರು. ಆದರೆ ಅಪಾಯ ನಗಣ್ಯವಾಗಿದ್ದರೆ ಪರಿಹಾರ ಇಲ್ಲ ಎಂಬ ಒಂದು ಸಾಲು ಅದರೊಳಗಿತ್ತು. ಆ ಸಾಲನ್ನು ಹಿಡಿದು ಬಹುಪಾಲು ಅರ್ಜಿಗಳನ್ನು ತಳ್ಳಿಹಾಕಿದರು. 2017ರಲ್ಲಿ ಅದನ್ನು ಕಿತ್ತುಹಾಕಿದ ಮೇಲೆಯೇ ದಾರಿ ಸ್ವಲ್ಪ ತೆರೆದದ್ದು.

ನಮ್ಮ ದೇಶದ ಪೋಖ್ರಾನ್ ಪರೀಕ್ಷೆಗಳು, 1974ರದ್ದೂ 1998ರದ್ದೂ, ನೆಲದೊಳಗೆ ನಡೆದವು. ಮಾರ್ಷಲ್ ದ್ವೀಪಗಳಲ್ಲಿ ಆದಂತೆ ಊರಿನ ಮೇಲೆ ಬೂದಿ ಸುರಿಯಲಿಲ್ಲ. ಆದರೂ ಪಕ್ಕದ ಖೇತೊಲಾಯ್ ಊರಿನವರು ತಮ್ಮಲ್ಲಿ ಕ್ಯಾನ್ಸರು ಹೆಚ್ಚಾಗಿದೆ ಎಂದು ಹೇಳುತ್ತಲೇ ಬಂದಿದ್ದಾರೆ. ಅದನ್ನು ಬಲ್ಲವರು ಪರೀಕ್ಷಿಸಿ ಹೇಳಲಿ. ಕನ್ನಡ ನಾಡಿನ ಜನರ ಮೇಲೆ ಆಕಾಶದಿಂದ ಬಿದ್ದದ್ದು ಬಾಂಬಿನ ಬೂದಿಯಲ್ಲ, ಗೇರಿನ ಮದ್ದು. 1954ರ ಮಾರ್ಚ್ 1ರಂದು ಅಮೆರಿಕ ಆ ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ 15 ಮೆಗಾಟನ್ನಿನ ಬಾಂಬು ಸಿಡಿಸಿ ರೋಂಗೆಲಾಪ್ ದ್ವೀಪದವರ ಮೇಲೂ ಜಪಾನಿನ ಒಂದು ಮೀನುದೋಣಿಯ 23 ಮಂದಿಯ ಮೇಲೂ ಬಿಳಿ ಬೂದಿ ಸುರಿಸಿತು. ತಿಂಗಳೊಪ್ಪತ್ತಿನಲ್ಲಿ ನೆಹರೂ ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಲೋಕಸಭೆಯಲ್ಲಿ ಹೇಳಿದರು. ಜರ್ಮನಿಯ ಹೋಕ್ಸ್ಟ್ ಕಂಪನಿಯ ಎಂಡೋಸಲ್ಫಾನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ ಅದೇ 1954ರಲ್ಲಿ.

ಆ ಮದ್ದು ಅತಿ ಹೆಚ್ಚು ಸುರಿದದ್ದು ಕಾಸರಗೋಡಿನಲ್ಲಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ, ವಾಣಿನಗರ, ಸ್ವರ್ಗ, ಇವೆಲ್ಲ ಕನ್ನಡ, ತುಳು ಆಡುವ ಊರುಗಳು. 1956ರಲ್ಲಿ ರಾಜ್ಯಗಳನ್ನು ಭಾಷೆಯಂತೆ ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ ಆ ಜಿಲ್ಲೆಯ ಗುಡ್ಡಗಳಲ್ಲಿ ಸುಮಾರು 4,500 ಹೆಕ್ಟೇರಿನಲ್ಲಿ ಗೇರು ನೆಟ್ಟು, 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಮದ್ದು ಹೊಡೆಸಿತು. ಪಡ್ರೆಯ ನೆಲವನ್ನು ಸ್ವಲ್ಪ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಕೆರೆ ಇರುವುದು ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಬರುತ್ತದೆ. ಮೇಲೆ ಬಿದ್ದದ್ದೆಲ್ಲ ಮಳೆಗೆ ಇಳಿದು ಸೇರುವುದು ಅಲ್ಲಿಗೇ. ಮರದ ನೆತ್ತಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಮಾತ್ರ ಹಾರಿ ಸಿಂಪಡಿಸಬೇಕು ಎಂಬುದು ನಿಯಮ. ಏರಿಳಿವಿನ ಆ ಗುಡ್ಡಗಳಲ್ಲಿ ಹೆಲಿಕಾಪ್ಟರಿಗೆ ಅದು ಆಗುವ ಮಾತಲ್ಲ. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದರು. ಹರಿಯುವ ತೋಡನ್ನು, ಸುರಂಗವನ್ನು ಮುಚ್ಚುವುದು ಹೇಗೆ?

ಮೊದಲ ಸಾಕ್ಷಿ ಹೇಳಿದ್ದು ದನಕರು. 1979ರಲ್ಲೇ ಅಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದವು. ಅದನ್ನು ಹೊರಜಗತ್ತಿಗೆ ತಿಳಿಸಿದವರು ಅದೇ ಊರಿನ ಪತ್ರಕರ್ತ ಶ್ರೀಪಡ್ರೆ. ಅಡಿಕೆ ಪತ್ರಿಕೆಯ ಮೂಲಕ, ನೆಲಜಲದ ಬರಹಗಳ ಮೂಲಕ ನಮ್ಮ ಮಲೆನಾಡಿಗೂ ಚಿರಪರಿಚಿತರು. 1982ರಲ್ಲಿ ಆ ಊರಿಗೆ ಬಂದು ವೈದ್ಯಕೀಯ ಆರಂಭಿಸಿದ ಡಾ. ವೈ.ಎಸ್. ಮೋಹನ ಕುಮಾರ್ ವರ್ಷದಿಂದ ವರ್ಷಕ್ಕೆ ಒಂದು ವಿಚಿತ್ರ ಗಮನಿಸಿದರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಮಂದಿಗೆ ಮಾನಸಿಕ ತೊಂದರೆ, ಫಿಟ್ಸ್, ಕ್ಯಾನ್ಸರು, ಊನದ ಮಕ್ಕಳು ಏಕೆ? ಅವರು ಮನೆಮನೆಯ ವಿವರ ಬರೆದಿಟ್ಟರು, ವೈದ್ಯರ ಪತ್ರಿಕೆಗೆ ಬರೆದರು, ನೆರವಾಗಿ ಎಂದು ತಜ್ಞರನ್ನು ಕೇಳಿದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದ ಅಕ್ಟೋಬರಿನಲ್ಲಿ ಕೋರ್ಟು ಆಕಾಶದಿಂದ ಸಿಂಪಡಿಸುವುದನ್ನು ತಡೆಯಿತು. ಸರ್ಕಾರದ ನೌಕರಿ ಮಾಡುತ್ತಲೇ ಸರ್ಕಾರದ ನಿಗಮದ ಮೇಲೆ ದಾವೆ ಹೂಡಿದ ಹೆಣ್ಣುಮಗಳು. ಆ ಧೈರ್ಯ ಸುಮ್ಮನೆ ಬರುವಂಥದ್ದಲ್ಲ.

ಆಮೇಲೆ ಶುರುವಾದದ್ದು ವರದಿಗಳ ಜಗಳ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಪ್ಲಾಂಟೇಷನ್ ಕಾರ್ಪೊರೇಷನ್ ಬೇರೊಂದು ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯನ್ನೂ ಅದೇ ಜಿಲ್ಲೆಯ ಮೀಂಜವನ್ನೂ ಹೋಲಿಸಿ, ಪಡ್ರೆಯ ಮಕ್ಕಳಲ್ಲಿ ನರಸಂಬಂಧಿ ಹಾಗೂ ಕಲಿಕೆಯ ತೊಂದರೆಗಳು, ಹುಟ್ಟು ಊನಗಳು ಹೆಚ್ಚು ಎಂದು ಕಂಡುಕೊಂಡಿತು. ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಅವರ ಅಧ್ಯಯನ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಕೇಂದ್ರದ ದುಬೆ ಸಮಿತಿ, ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂದು ಹೇಳಿತು. ಕಾರಣ ಪೂರ್ತಿ ಸಾಬೀತಾಗಿಲ್ಲ ಅನ್ನುವ ಕೃಷಿ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ. ಅವರೆಲ್ಲ ಕಂಪನಿಯ ಕಡೆಯವರು ಎಂದು ನಾನು ಹೇಳಲಾರೆ. ಪ್ರಶ್ನೆ ಕೇಳುವುದು ವಿಜ್ಞಾನದ ಕೆಲಸ. ಆದರೆ ಪ್ರಯೋಗಾಲಯದಲ್ಲಿ ಉಳಿದಿರುವ ಅನುಮಾನದ ಲಾಭ ಯಾರಿಗೆ ಹೋಗಬೇಕು? ಮನೆಯ ಮೇಲೆ ಕೀಟನಾಶಕ ಸುರಿದ ನಿಗಮಕ್ಕೋ, ಯಾರಿಗೂ ಒಪ್ಪಿಗೆ ಕೊಡದೆ ಅದನ್ನು ಉಸಿರಾಡಿದ ಮಗುವಿಗೋ? ಇದಕ್ಕೆ ಉತ್ತರ ವಿಜ್ಞಾನ ಹೇಳುವುದಿಲ್ಲ. ನಾವು, ನಮ್ಮ ಸರ್ಕಾರ, ನಮ್ಮ ಕೋರ್ಟು ಹೇಳಬೇಕು.

ಕೋರ್ಟು ಹೇಳಿತು. ಕರ್ನಾಟಕ 2011ರ ಆರಂಭದಲ್ಲೇ ಎಂಡೋಸಲ್ಫಾನ್ ನಿಷೇಧಿಸಿತ್ತು. ಏಪ್ರಿಲಿನಲ್ಲಿ ಜಿನೀವಾದ ಸಭೆ ಅದನ್ನು ಜಗತ್ತೇ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಅತಿ ಹೆಚ್ಚು ತಯಾರಿಸುತ್ತಿದ್ದ ನಮ್ಮ ದೇಶ ಕೊನೆಯವರೆಗೂ ವಿರೋಧಿಸಿ, ವಿನಾಯಿತಿಗಳನ್ನು ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿ 10ರಂದು, ಪಟ್ಟಿಯಲ್ಲಿರುವ ಸಂತ್ರಸ್ತರಿಗೆಲ್ಲ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಆದೇಶಿಸಿತು. ಐದು ವರ್ಷ ಕಳೆಯಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ತಿಳಿದದ್ದು: 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಎಂಟು ಜನಕ್ಕೆ. ಕೋರ್ಟಿನ ಮೆಟ್ಟಿಲು ಹತ್ತಿದ್ದ ಆ ಎಂಟು ಜನಕ್ಕೇ. ಉಳಿದವರಲ್ಲಿ ಹಾಸಿಗೆ ಹಿಡಿದವರಿದ್ದರು, ಕ್ಯಾನ್ಸರಿನವರಿದ್ದರು. ಕೋರ್ಟು ಗದರಿದ ಮೇಲೆ ಹಣ ಬರತೊಡಗಿತು.

ಆದರೆ ಹಣ ಬರುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿಗೆ ಸೇರುವುದೇ ಒಂದು ಜನ್ಮದ ಕೆಲಸ. ವೈದ್ಯಕೀಯ ಶಿಬಿರಕ್ಕೆ ಹೋಗಬೇಕು, ತಜ್ಞರ ಮುಂದೆ ಮಗುವನ್ನು ಮಲಗಿಸಬೇಕು, ಅವರು ಬರೆಯಬೇಕು, ಕಂದಾಯದವರು ಮನೆ ತೋಟದಿಂದ ಎಷ್ಟು ದೂರ ಎಂದು ನೋಡಬೇಕು. ಕನ್ನಡವೊಂದೇ ಬಲ್ಲ ತಾಯಿಗೆ ಮಲಯಾಳದ ಕಾಗದ ಬೇರೆ. 2017ರ ಶಿಬಿರದಲ್ಲಿ ಗುರುತಿಸಿದ 1,905 ಮಂದಿಯ ಪಟ್ಟಿ ಅಂತಿಮವಾಗುವಾಗ 287ಕ್ಕೆ ಇಳಿಯಿತು. ಬಿಟ್ಟುಹೋದವರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿದ ಮೇಲೂ 1,031 ಹೆಸರು ಹೊರಗುಳಿಯಿತು. ಅವಕ್ಕಾಗಿ 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಕೂತರು. ಅವರ ಜೊತೆ ಉಪವಾಸ ಕೂತದ್ದು ಸಮಾಜಸೇವಕಿ ದಯಾಬಾಯಿ. 2022ರಲ್ಲಿ ಎಂಬತ್ತು ದಾಟಿದ ಆಕೆ ಮತ್ತೆ ಉಪವಾಸ ಕೂರಬೇಕಾಯಿತು.

ಅದಾದ ಮೇಲೆ ಬಂದ ಆದೇಶ ನನ್ನನ್ನು ಅತಿಯಾಗಿ ಕಲಕಿದೆ. ಎಂಡೋಸಲ್ಫಾನ್ ಬಳಕೆ 2005ಕ್ಕೆ ನಿಂತಿತು, ಅದರ ಪರಿಣಾಮ ಆರು ವರ್ಷ ಇರುತ್ತದೆ, ಆದ್ದರಿಂದ 2011ರ ಅಕ್ಟೋಬರ್ 25ರ ನಂತರ ಹುಟ್ಟಿದವರು ಸಂತ್ರಸ್ತರಲ್ಲ ಎಂದು ಕೇರಳ ಸರ್ಕಾರ ತೀರ್ಮಾನಿಸಿತು. ಯಾವುದೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂದು ಆಡಳಿತ ಹೇಳುವುದು ಅರ್ಥವಾಗುತ್ತದೆ. ಅಮೆರಿಕದ ಕಾನೂನಿನಲ್ಲೂ ಊರಿನ ಗೆರೆ, ವರ್ಷದ ಗೆರೆ ಇವೆ. ಆದರೆ ಅಲ್ಲಿ ಗೆರೆ ಎಳೆದದ್ದು ಅದರೊಳಗಿದ್ದವರನ್ನು ಪ್ರಶ್ನೆಯಿಲ್ಲದೆ ನಂಬುವುದಕ್ಕೆ. ಇಲ್ಲಿ ಗೆರೆಯ ಆಚೆಯವರನ್ನು ನೋಡದೆಯೇ ತಳ್ಳುತ್ತಾರೆ, ಈಚೆಯವರಿಂದಲೂ ಪುರಾವೆ ಕೇಳುತ್ತಾರೆ. ಮದ್ದು ಬೆರೆತ ನೀರು ಕುಡಿದು ಬೆಳೆದ ಹುಡುಗಿ 2012ರಲ್ಲಿ ತಾಯಿಯಾದರೆ ಅವಳ ಮಗುವನ್ನು ಕನಿಷ್ಠ ಪರೀಕ್ಷಿಸಿ ನೋಡುವುದು ಬೇಡವೇ?

ದುಡ್ಡು ಬಂದರೂ ಆಸ್ಪತ್ರೆ? ಕಾಸರಗೋಡಿನವರಿಗೆ ನರರೋಗದ ತಜ್ಞರು ಬೇಕೆಂದರೆ ಬಹುಕಾಲ ಮಂಗಳೂರೇ ಗತಿಯಾಗಿತ್ತು. ಬದಿಯಡ್ಕದ ಹತ್ತಿರ ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು, ಕೆಲಸ ವರ್ಷಗಟ್ಟಲೆ ಎಳೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ರಸ್ತೆಯಲ್ಲೇ ತಿರುಗಿದವು, ಮಂಗಳೂರಿಗೆ ತಲುಪಲಾಗದೆ ಜನ ಸತ್ತರು. ನಮ್ಮ ರಾಜ್ಯದ ಕೈಯಿಂದ ಆದ ಆ ಕೆಲಸವನ್ನು ನಾವೂ ನೆನಪಿಟ್ಟುಕೊಳ್ಳಬೇಕು.

ಕರ್ನಾಟಕದ ಸಂತ್ರಸ್ತರಿಗೆ ಸುಪ್ರೀಂ ಕೋರ್ಟಿನ ಆ 5 ಲಕ್ಷ ಸಿಗಲಿಲ್ಲ, ಆದೇಶ ಇದ್ದದ್ದು ಕೇರಳಕ್ಕೆ. 2010ರಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಸರ್ಕಾರ ತಲಾ 50,000 ರೂಪಾಯಿ ಕೊಟ್ಟಿತು. ಕಣ್ಣು ಕಳೆದುಕೊಂಡ ಒಬ್ಬರು ಕೊಕ್ಕಡದಲ್ಲಿ ಹೋರಾಟ ಸಮಿತಿ ಕಟ್ಟಿ ವರ್ಷಗಟ್ಟಲೆ ಕಚೇರಿ ಅಲೆದದ್ದರ ಫಲ ಅದು. ಆಮೇಲೆ ಹೈಕೋರ್ಟಿನ ಒತ್ತಾಯಕ್ಕೆ ಮಾಸಾಶನ ಬಂತು. ಅಂಗವೈಕಲ್ಯ ಶೇಕಡ 60ಕ್ಕಿಂತ ಹೆಚ್ಚಿದ್ದವರಿಗೆ ತಿಂಗಳಿಗೆ 3,000, ಅದಕ್ಕಿಂತ ಕಡಿಮೆ ಇದ್ದವರಿಗೆ 1,500 ಎಂದು ಶುರುವಾಗಿ ಮುಂದೆ ಸ್ವಲ್ಪ ಏರಿತು. ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲು ಪಾಲನಾ ಕೇಂದ್ರ ತೆರೆದರು. ಬೆಳಿಗ್ಗೆ ವಾಹನ ಬಂದು ಮಕ್ಕಳನ್ನು ಕರೆದೊಯ್ದು ಸಂಜೆ ತಂದುಬಿಟ್ಟರೆ ಅಷ್ಟು ಹೊತ್ತು ತಾಯಿ ಕೂಲಿಗೆ ಹೋಗಬಹುದು. ಮಾಸಾಶನಕ್ಕಿಂತ ಇಂಥ ಕೇಂದ್ರವೇ ದೊಡ್ಡ ನೆರವು ಎಂದು ನನಗೆ ಅನ್ನಿಸುತ್ತದೆ, ಅಂಥವು ಪ್ರತಿ ಹೋಬಳಿಗೂ ಬೇಕು. ಉಡುಪಿ, ಉತ್ತರ ಕನ್ನಡದ ಗೇರು ತೋಟಗಳ ಸುತ್ತಲೂ ಸಂತ್ರಸ್ತರಿದ್ದಾರೆ. ಈ ತಾಯಂದಿರು ಕೇಳುತ್ತಿರುವ ಇನ್ನೊಂದು, ಹೆತ್ತವರು ಸತ್ತ ಮೇಲೂ ಇವರನ್ನು ನೋಡಿಕೊಳ್ಳುವ ಶಾಶ್ವತ ಆಶ್ರಯ.

ಇದನ್ನೆಲ್ಲ ಯಸಳೂರಿನಲ್ಲಿ ಕೂತು ಬರೆಯಲು ಕಾರಣವಿದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಫಿಯ ಕಾಯಿಕೊರಕ ಕೊಡಗನ್ನು ದಾಟಿ ನಮ್ಮ ತೋಟಗಳಿಗೂ ಬಂತು. ಅದಕ್ಕೆ ಶಿಫಾರಸಾಗಿದ್ದ ಕೀಟನಾಶಕಗಳಲ್ಲಿ ಎಂಡೋಸಲ್ಫಾನ್ ಒಂದು. ಅದಕ್ಕೂ ಹಿಂದೆ ಕಾಂಡಕೊರಕಕ್ಕೆಂದು ಅರೇಬಿಕಾ ಗಿಡದ ಬೊಡ್ಡೆಗೆ ಬಿಎಚ್‌ಸಿ, ಲಿಂಡೇನ್ ಬಳಿದ ಕಾಲವಿತ್ತು. ನಮ್ಮಲ್ಲಿ ಹೆಲಿಕಾಪ್ಟರ್ ಬರಲಿಲ್ಲ. ಬ್ಯಾರಲ್ಲಿನಲ್ಲಿ ಕಲಸಿ, ಪೈಪು ಎಳೆದುಕೊಂಡು, ಬರಿಗೈಯಲ್ಲಿ, ಮೂಗಿಗೆ ಟವೆಲು ಕಟ್ಟಿಕೊಂಡು ಹೊಡೆದವರು ಲೈನ್ ಮನೆಯ ಆಳುಗಳು. ಅವರಲ್ಲಿ ಎಷ್ಟೋ ಮಂದಿ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದು ಮತ್ತೆ ಕೆಳಗಿಳಿದವರು. ತೋಟದ ಚೆಕ್‌ರೋಲಿನಲ್ಲಿ ಅವರ ಹೆಸರಿದೆ, ಹಾಜರಿ ಇದೆ, ಕೂಲಿ ಇದೆ. ಆ ದಿನ ಯಾವ ಔಷಧಿ ಹೊಡೆದರು ಎಂದು ಬರೆಯುವ ಕಾಲಮ್ಮು ಅದರಲ್ಲಿಲ್ಲ. ಅವರ ಪೈಕಿ ಯಾರಿಗಾದರೂ ಏನಾದರೂ ಆಗಿದೆಯೇ ಎಂದು ಕೇಳಿದ ಶಿಬಿರವೂ ನಡೆದಿಲ್ಲ, ಪಟ್ಟಿಯೂ ಇಲ್ಲ. ಆಗಿದೆ ಎಂದು ನಾನು ಹೇಳುತ್ತಿಲ್ಲ. ಕೇಳದೆ ಇದ್ದರೆ ಗೊತ್ತಾಗುವ ದಾರಿಯೇ ಇರುವುದಿಲ್ಲ.

ಪಡ್ರೆಗೆ ಮನೆಮನೆ ವಿವರ ಬರೆದಿಟ್ಟ ಒಬ್ಬ ವೈದ್ಯರಿದ್ದರು. ಆ ಟಿಪ್ಪಣಿಗಳಿಲ್ಲದಿದ್ದರೆ ಅಹಮದಾಬಾದಿನ ತಂಡ ಬರುತ್ತಿರಲಿಲ್ಲ, ಕೋರ್ಟಿನ ಮುಂದೆ ಇಡಲು ಏನೂ ಇರುತ್ತಿರಲಿಲ್ಲ. ಯಸಳೂರು, ಹೆತ್ತೂರು ಹೋಬಳಿಗಳಲ್ಲಿ ಪೈಪು ಹಿಡಿದಿದ್ದವರಲ್ಲಿ ಹಲವರು ಈಗ ಅರವತ್ತು, ಎಪ್ಪತ್ತರ ಅಂಚಿನಲ್ಲಿದ್ದಾರೆ. ಕೆಲವರು ಇನ್ನೂ ಇಲ್ಲಿದ್ದಾರೆ, ಕೆಲವರು ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ಇದ್ದಾರೆ. ಆರೋಗ್ಯ ಇಲಾಖೆ, ಕಾಫಿ ಮಂಡಳಿ, ಬೆಳೆಗಾರರ ಸಂಘಗಳು ಒಟ್ಟಿಗೆ ಕೂತರೆ ಒಂದು ಬೇಸಗೆಯಲ್ಲಿ ಮುಗಿಯುವ ಕೆಲಸ: ಹಳೆಯ ಚೆಕ್‌ರೋಲುಗಳನ್ನೂ ಆ ವರ್ಷಗಳ ಔಷಧಿ ಅಂಗಡಿ ಬಿಲ್ಲುಗಳನ್ನೂ ಅಟ್ಟದಿಂದ ಇಳಿಸುವುದು, ಯಾವ ವರ್ಷ ಯಾವ ತೋಟಕ್ಕೆ ಏನು ಬಂತು, ಹೊಡೆದವರು ಯಾರು ಎಂದು ಜೋಡಿಸುವುದು, ಬದುಕಿರುವವರನ್ನು ಹುಡುಕಿ ಒಮ್ಮೆ ಪರೀಕ್ಷೆ ಮಾಡಿಸುವುದು. ಬೆಳೆಗಾರರು ಹೆದರಬೇಕಿಲ್ಲ, ಅವರು ಹೊಡೆಸಿದ್ದು ಸರ್ಕಾರ ಶಿಫಾರಸು ಮಾಡಿದ್ದನ್ನೇ. ಮುಂದೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದದ್ದೂ ಸರ್ಕಾರವೇ. ಆ ಬಿಲ್ಲು ಪುಸ್ತಕಗಳಿಗೆ ಗೆದ್ದಲು ಹಿಡಿಯುವ ಮೊದಲು ಯಾವುದಾದರೂ ಒಂದು ತೋಟದ ಆಫೀಸು ಬಾಗಿಲು ತೆರೆದು ಶುರು ಮಾಡಲಿ.